ಆಲ್ಕೀನ್‌ಗಳು ಮತ್ತು ಹೈಡ್ರೋಕಾರ್ಬನ್‌ಗಳ ಭಂಜನ: ಪದೇ ಪದೇ ಕೇಳುವ ಪ್ರಶ್ನೆಗಳು

ಆಲ್ಕೀನ್‌ಗಳನ್ನು ಒಂದು ಅಧ್ಯಾಯದಲ್ಲಿ, ಕ್ರ್ಯಾಕಿಂಗ್ ಎಂದು ಕರೆಯುವ ಭಂಜನ ಕ್ರಿಯೆಯನ್ನು ಇನ್ನೊಂದು ಅಧ್ಯಾಯದಲ್ಲಿ ಓದಿದವರಿಗೆ, ಇವೆರಡೂ ಒಂದೇ ಲೆಕ್ಕದ ಜಮೆ ಮತ್ತು ಖರ್ಚು ಎಂಬುದು ಎಷ್ಟೋ ಸಲ ಹೊಳೆಯುವುದೇ ಇಲ್ಲ. ದೊಡ್ಡ ಅಣುವನ್ನು ಕಾಯಿಸಿ ಮುರಿದಾಗ ದ್ವಿಬಂಧವೊಂದು ಹುಟ್ಟುತ್ತದೆ. ಹಾಗೆ ಮುರಿಯಲು ಹೂಡಿದ ಶಕ್ತಿ ಆ ದ್ವಿಬಂಧದಲ್ಲಿ ಉಳಿದಿದ್ದು, ಮುಂದೆ ಅದು ತೆರೆದುಕೊಂಡಾಗ ಹೊರಬರುತ್ತದೆ. ಕೆಳಗಿನ ಉತ್ತರಗಳು ಈ ಎಳೆಯನ್ನು ಹಿಡಿದು ಸಾಗುತ್ತವೆ. ಪ್ರೌಢಶಾಲೆಯ ಕೊನೆಯ ತರಗತಿಗಳಲ್ಲಿ ಮತ್ತು ಪದವಿಪೂರ್ವ ಹಂತದಲ್ಲಿ ರಸಾಯನಶಾಸ್ತ್ರ ಓದುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇವನ್ನು ಬರೆಯಲಾಗಿದೆ.

ಆಲ್ಕೀನ್ ಎಂದರೇನು? ಅದು ಆಲ್ಕೇನ್‌ಗಿಂತ ಹೇಗೆ ಭಿನ್ನ?

ಇಂಗಾಲ ಮತ್ತು ಹೈಡ್ರೋಜನ್ ಮಾತ್ರ ಇರುವ ಸಂಯುಕ್ತಗಳನ್ನು ಹೈಡ್ರೋಕಾರ್ಬನ್‌ಗಳು ಎನ್ನುತ್ತೇವೆ. ಅವುಗಳಲ್ಲಿ ಇಂಗಾಲದ ಪರಮಾಣುಗಳ ನಡುವೆ ಏಕಬಂಧಗಳಷ್ಟೇ ಇದ್ದರೆ ಅದು ಆಲ್ಕೇನ್. ಎರಡು ಇಂಗಾಲಗಳ ನಡುವೆ ಕನಿಷ್ಠ ಒಂದು ದ್ವಿಬಂಧವಿದ್ದರೆ ಅದು ಆಲ್ಕೀನ್. ಆಲ್ಕೇನ್‌ನಲ್ಲಿ ಪ್ರತಿ ಇಂಗಾಲವೂ ತನ್ನ ನಾಲ್ಕು ಬಂಧಗಳನ್ನು ನಾಲ್ಕು ಬೇರೆ ಬೇರೆ ಪರಮಾಣುಗಳಿಗೆ ಕೊಟ್ಟಿರುವುದರಿಂದ ಹೊಸದಾಗಿ ಇನ್ನೊಂದು ಪರಮಾಣುವನ್ನು ಸೇರಿಸಿಕೊಳ್ಳಲು ಅದರಲ್ಲಿ ಎಡೆಯಿಲ್ಲ, ಆದ್ದರಿಂದ ಅದು ಪರ್ಯಾಪ್ತ. ಆಲ್ಕೀನ್‌ನಲ್ಲಿ ದ್ವಿಬಂಧದ ಒಂದು ಎಳೆಯನ್ನು ಬಿಡಿಸಿ ಎರಡು ಹೊಸ ಪರಮಾಣುಗಳನ್ನು ಸೇರಿಸಲು ಸಾಧ್ಯವಿರುವುದರಿಂದ ಅದು ಅಪರ್ಯಾಪ್ತ. ಒಂದೇ ದ್ವಿಬಂಧವಿರುವ, ಉಂಗುರವಿಲ್ಲದ ಆಲ್ಕೀನ್‌ಗಳಲ್ಲಿ ಹೈಡ್ರೋಜನ್ ಪರಮಾಣುಗಳ ಸಂಖ್ಯೆ ಇಂಗಾಲದ ಸಂಖ್ಯೆಯ ಸರಿಯಾಗಿ ಎರಡರಷ್ಟಿರುತ್ತದೆ: ಈಥೀನ್‌ನಲ್ಲಿ 2 ಇಂಗಾಲಕ್ಕೆ 4, ಪ್ರೊಪೀನ್‌ನಲ್ಲಿ 3ಕ್ಕೆ 6, ಬ್ಯೂಟೀನ್‌ನಲ್ಲಿ 4ಕ್ಕೆ 8. ಅದೇ ಉದ್ದದ ಆಲ್ಕೇನ್‌ನಲ್ಲಿ ಇದಕ್ಕಿಂತ ಎರಡು ಹೈಡ್ರೋಜನ್ ಹೆಚ್ಚಿರುತ್ತವೆ.

ಅಣುಸೂತ್ರ ಹೊಂದಿದರೆ ಅದು ಆಲ್ಕೀನೇ ಎಂದು ಹೇಳಬಹುದೇ?

ಹೇಳಲಾಗದು. ಮೂರು ಇಂಗಾಲ ಮತ್ತು ಆರು ಹೈಡ್ರೋಜನ್ ಇರುವ ಅಣು ಪ್ರೊಪೀನ್ ಆಗಿರಬಹುದು, ಮೂರು ಇಂಗಾಲಗಳು ತ್ರಿಕೋನವಾಗಿ ಕೂಡಿಕೊಂಡ ಸೈಕ್ಲೋಪ್ರೊಪೇನ್ ಕೂಡ ಆಗಿರಬಹುದು. ಎರಡನೆಯದರಲ್ಲಿ ದ್ವಿಬಂಧವೇ ಇಲ್ಲ. ಎರಡು ಹೈಡ್ರೋಜನ್ ಕಡಿಮೆಯಿವೆ ಎಂಬುದು ಒಂದು ದ್ವಿಬಂಧವನ್ನಾಗಲಿ ಒಂದು ಉಂಗುರವನ್ನಾಗಲಿ ಸೂಚಿಸುತ್ತದೆ. ಅವೆರಡರಲ್ಲಿ ಯಾವುದು ಎಂಬುದನ್ನು ಪರೀಕ್ಷೆಯಿಂದಲೇ ತಿಳಿಯಬೇಕು.

ಒಂದೇ ಇಂಗಾಲವಿರುವ ಆಲ್ಕೀನ್ ಏಕಿಲ್ಲ? ಹೆಸರಿಡುವ ಕ್ರಮವೇನು?

ದ್ವಿಬಂಧಕ್ಕೆ ಎರಡು ಇಂಗಾಲಗಳು ಬೇಕೇ ಬೇಕು. ಆದ್ದರಿಂದ ಆಲ್ಕೀನ್‌ಗಳ ಅನುರೂಪ ಶ್ರೇಣಿ ಈಥೀನ್‌ನಿಂದಲೇ ಆರಂಭವಾಗುತ್ತದೆ. ನಾಲ್ಕು ಇಂಗಾಲಗಳಿಗೆ ಬಂದಾಗ ದ್ವಿಬಂಧ ಎಲ್ಲಿದೆ ಎಂಬುದನ್ನೂ ಹೇಳಬೇಕಾಗುತ್ತದೆ. ಸರಪಳಿಯ ತುದಿಯಲ್ಲಿದ್ದರೆ ಬ್ಯೂಟ್-1-ಈನ್, ನಡುವೆ ಇದ್ದರೆ ಬ್ಯೂಟ್-2-ಈನ್. ದ್ವಿಬಂಧಕ್ಕೆ ಹತ್ತಿರವಾದ ತುದಿಯಿಂದಲೇ ಎಣಿಸಬೇಕೆಂಬ ನಿಯಮವಿರುವುದರಿಂದ ಬ್ಯೂಟ್-3-ಈನ್ ಎಂಬ ಹೆಸರು ತಪ್ಪು. ಅದು ತಿರುಗಿಸಿ ನೋಡಿದ ಬ್ಯೂಟ್-1-ಈನ್ ಅಷ್ಟೇ.

ದ್ವಿಬಂಧವು ಏಕಬಂಧಕ್ಕಿಂತ ಬಲವಾದದ್ದು ಎನ್ನುತ್ತಾರೆ. ಹಾಗಿದ್ದ ಮೇಲೆ ಆಲ್ಕೀನ್‌ಗಳೇ ಹೆಚ್ಚು ಕ್ರಿಯಾಶೀಲವಾಗಿರುವುದು ಹೇಗೆ?

ಇಡೀ ವಿಷಯದ ಬೀಗದ ಕೈ ಈ ಪ್ರಶ್ನೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಇಂಗಾಲ-ಇಂಗಾಲ ಏಕಬಂಧವನ್ನು ಮುರಿಯಲು ಪ್ರತಿ ಮೋಲ್‌ಗೆ ಸರಾಸರಿ ಸುಮಾರು 347 ಕಿಲೋಜೂಲ್ ಶಕ್ತಿ ಬೇಕು. ದ್ವಿಬಂಧವನ್ನು ಪೂರ್ತಿಯಾಗಿ ಮುರಿಯಲು ಸುಮಾರು 612 ಕಿಲೋಜೂಲ್ ಬೇಕು. ಹೀಗೆ ನೋಡಿದರೆ ದ್ವಿಬಂಧ ಬಲವಾದದ್ದೇ. ಎರಡು ಇಂಗಾಲಗಳನ್ನು ಅದು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಿರುತ್ತದೆ ಕೂಡ: ಈಥೇನ್‌ನಲ್ಲಿ 154 ಪಿಕೋಮೀಟರ್ ಇರುವ ಅಂತರ ಈಥೀನ್‌ನಲ್ಲಿ 134ಕ್ಕೆ ಇಳಿಯುತ್ತದೆ.

ಆದರೆ 612 ಎಂಬುದು 347ರ ಎರಡರಷ್ಟಲ್ಲ. ಎರಡರಷ್ಟಾಗಿದ್ದರೆ 694 ಇರಬೇಕಿತ್ತು. ದ್ವಿಬಂಧದ ಎರಡು ಎಳೆಗಳು ಒಂದೇ ಬಗೆಯವಲ್ಲ ಎಂಬುದೇ ಇದಕ್ಕೆ ಕಾರಣ. ಮೊದಲನೆಯದಾದ ಸಿಗ್ಮಾ ಬಂಧದಲ್ಲಿ ಎಲೆಕ್ಟ್ರಾನುಗಳು ಎರಡು ಪರಮಾಣುಕೇಂದ್ರಗಳನ್ನು ಸೇರಿಸುವ ಗೆರೆಯ ಮೇಲೆಯೇ ದಟ್ಟವಾಗಿರುತ್ತವೆ. ಎರಡನೆಯದಾದ ಪೈ ಬಂಧದಲ್ಲಿ ಎಲೆಕ್ಟ್ರಾನುಗಳು ಆ ಗೆರೆಯ ಮೇಲೂ ಕೆಳಗೂ ಎರಡು ಮೋಡಗಳಂತೆ ಹರಡಿಕೊಂಡಿರುತ್ತವೆ, ಕೇಂದ್ರಗಳ ಹಿಡಿತ ಅವುಗಳ ಮೇಲೆ ಸಡಿಲವಾಗಿರುತ್ತದೆ. ಲೆಕ್ಕದ ಪ್ರಕಾರ ಪೈ ಬಂಧದ ಪಾಲಿಗೆ ಉಳಿಯುವುದು ಸುಮಾರು 265 ಕಿಲೋಜೂಲ್ ಮಾತ್ರ. ಆಲ್ಕೀನ್‌ಗಳು ಕ್ರಿಯೆ ನಡೆಸುವಾಗ ಮುರಿಯುವುದು ಈ ಪೈ ಬಂಧವೇ ಹೊರತು ಇಡೀ ದ್ವಿಬಂಧವಲ್ಲ. ಅದು ಸಡಿಲವಾಗಿರುವುದಷ್ಟೇ ಅಲ್ಲ, ಅಣುವಿನ ಸಮತಲದಿಂದ ಹೊರಚಾಚಿ, ಎಲೆಕ್ಟ್ರಾನುಗಳನ್ನು ಹುಡುಕಿಕೊಂಡು ಬರುವ ಯಾವುದೇ ಕಣಕ್ಕೆ ಸುಲಭವಾಗಿ ಸಿಗುವಂತೆಯೂ ಇರುತ್ತದೆ.

694 ಮತ್ತು 612ರ ನಡುವಿನ 82 ಎಂಬ ವ್ಯತ್ಯಾಸವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಎರಡು ಸಲ ಅದು ಮತ್ತೆ ಬರುತ್ತದೆ.

ಸಿಸ್ ಮತ್ತು ಟ್ರಾನ್ಸ್ ಎಂಬ ಭೇದ ಆಲ್ಕೇನ್‌ಗಳ ಸರಪಳಿಯಲ್ಲಿ ಇಲ್ಲದೆ ಆಲ್ಕೀನ್‌ಗಳಲ್ಲಿ ಮಾತ್ರ ಏಕೆ ಬರುತ್ತದೆ?

ಏಕಬಂಧದ ಸುತ್ತ ಅಣುವಿನ ಎರಡು ಭಾಗಗಳು ಸರಾಗವಾಗಿ ತಿರುಗುತ್ತವೆ. ದ್ವಿಬಂಧದ ಸುತ್ತ ಹಾಗೆ ತಿರುಗಬೇಕಾದರೆ ಪೈ ಬಂಧವನ್ನೇ ಮುರಿಯಬೇಕು, ಸಾಮಾನ್ಯ ಉಷ್ಣತೆಯಲ್ಲಿ ಅಷ್ಟು ಶಕ್ತಿ ಅಣುಗಳಿಗೆ ದೊರೆಯುವುದಿಲ್ಲ. ಹೀಗಾಗಿ ಬ್ಯೂಟ್-2-ಈನ್‌ನ ಎರಡು ಮೀಥೈಲ್ ಗುಂಪುಗಳು ಒಂದೇ ಬದಿಯಲ್ಲಿದ್ದರೆ ಅದು ಸಿಸ್, ಎದುರುಬದುರಾಗಿದ್ದರೆ ಟ್ರಾನ್ಸ್. ಅವೆರಡೂ ಬೇರೆ ಬೇರೆ ಪದಾರ್ಥಗಳು ಎಂಬುದಕ್ಕೆ ಅವುಗಳ ಕುದಿಬಿಂದುಗಳೇ ಸಾಕ್ಷಿ: ಸಿಸ್ ರೂಪ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ ಟ್ರಾನ್ಸ್ ರೂಪ ಸುಮಾರು 1 ಡಿಗ್ರಿಯಲ್ಲೇ ಕುದಿಯುತ್ತದೆ. ದ್ವಿಬಂಧದ ಎರಡು ಇಂಗಾಲಗಳಲ್ಲಿ ಯಾವುದಾದರೂ ಒಂದಕ್ಕೆ ಒಂದೇ ಬಗೆಯ ಎರಡು ಗುಂಪುಗಳು ಅಂಟಿಕೊಂಡಿದ್ದರೆ ಈ ಭೇದ ಇರುವುದಿಲ್ಲ. ಪ್ರೊಪೀನ್‌ಗಾಗಲಿ ಬ್ಯೂಟ್-1-ಈನ್‌ಗಾಗಲಿ ಸಿಸ್, ಟ್ರಾನ್ಸ್ ರೂಪಗಳು ಇಲ್ಲದಿರುವುದು ಅದಕ್ಕೇ.

ಬ್ರೋಮಿನ್ ನೀರಿನ ಪರೀಕ್ಷೆಯಲ್ಲಿ ನಿಜವಾಗಿ ಏನು ಕಾಣುತ್ತದೆ? ಏನೆಂದು ಬರೆಯಬೇಕು?

ಪ್ರನಾಳದಲ್ಲಿ ಕಿತ್ತಳೆ ಬಣ್ಣದ ಬ್ರೋಮಿನ್ ನೀರನ್ನು ತೆಗೆದುಕೊಂಡು, ಅದಕ್ಕೆ ಹೆಕ್ಸೀನ್‌ನಂಥ ದ್ರವ ಆಲ್ಕೀನ್‌ನ ಕೆಲವು ಹನಿಗಳನ್ನು ಬಿಟ್ಟು ಬಿರಡೆ ಹಾಕಿ ಕುಲುಕಿದರೆ, ಕೆಲವೇ ಕ್ಷಣಗಳಲ್ಲಿ ಕಿತ್ತಳೆ ಬಣ್ಣ ಮಾಯವಾಗುತ್ತದೆ. ಹೆಕ್ಸೇನ್ ಹಾಕಿ ಕುಲುಕಿದರೆ ಬಣ್ಣ ಹೋಗುವುದಿಲ್ಲ. ಬ್ರೋಮಿನ್ ನೀರಿನಿಂದ ಮೇಲಿನ ಹೆಕ್ಸೇನ್ ಪದರಕ್ಕೆ ಏರಿ, ಕೆಳಗಿನ ಪದರ ಪೇಲವವಾಗಿ ಮೇಲಿನದು ಕಿತ್ತಳೆಯಾಗಿ ಕಾಣುತ್ತದೆ. ಇದನ್ನು ಕಂಡು ಬಣ್ಣ ಹೋಯಿತೆಂದು ಭಾವಿಸಿ ತಪ್ಪಾಗಿ ಬರೆಯುವವರುಂಟು. ಬಣ್ಣ ಹೋಗಿಲ್ಲ, ಜಾಗ ಬದಲಿಸಿದೆ.

ಪರೀಕ್ಷೆಯಲ್ಲಿ ‘ದ್ರಾವಣ ತಿಳಿಯಾಯಿತು’ ಎಂದು ಬರೆಯಬಾರದು. ಬ್ರೋಮಿನ್ ನೀರು ಮೊದಲೇ ತಿಳಿಯಾಗಿರುತ್ತದೆ, ಅದರ ಮೂಲಕ ಆಚೆಗಿನದು ಕಾಣುತ್ತದೆ. ಅದಕ್ಕಿರುವುದು ಬಣ್ಣ, ಕದಡಲ್ಲ. ‘ಕಿತ್ತಳೆ ಬಣ್ಣ ಹೋಗಿ ಬಣ್ಣರಹಿತವಾಯಿತು’ ಎಂಬುದೇ ಸರಿಯಾದ ಮಾತು. ಇನ್ನೊಂದು ಎಚ್ಚರಿಕೆ: ಪ್ರಖರವಾದ ಬೆಳಕಿನಲ್ಲಿ ಆಲ್ಕೇನ್ ಕೂಡ ಬ್ರೋಮಿನ್‌ನೊಂದಿಗೆ ನಿಧಾನವಾಗಿ ಆದೇಶನ ಕ್ರಿಯೆ (ಒಂದು ಹೈಡ್ರೋಜನ್‌ನ ಜಾಗಕ್ಕೆ ಬ್ರೋಮಿನ್ ಬರುವ ಕ್ರಿಯೆ) ನಡೆಸಿ ಹೈಡ್ರೋಜನ್ ಬ್ರೋಮೈಡನ್ನು ಬಿಡುಗಡೆ ಮಾಡುತ್ತದೆ, ಆದ್ದರಿಂದ ನೇರ ಬಿಸಿಲಿನಲ್ಲಿ ಈ ಪರೀಕ್ಷೆ ಮಾಡಿದರೆ ದಾರಿ ತಪ್ಪಬಹುದು.

ಕ್ಷಾರೀಯವಾದ, ತಣ್ಣಗಿನ, ದುರ್ಬಲ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣ ಇನ್ನೊಂದು ಪರೀಕ್ಷಕ. ಆಲ್ಕೀನ್ ಸೇರಿದಾಗ ಅದರ ನೇರಳೆ ಬಣ್ಣ ಹೋಗಿ ಮ್ಯಾಂಗನೀಸ್ ಡೈಆಕ್ಸೈಡ್‌ನ ಕಂದು ಒತ್ತರ ಬೀಳುತ್ತದೆ. ಆದರೆ ಬೇರೆ ಹಲವು ಪದಾರ್ಥಗಳೂ ಪರ್ಮಾಂಗನೇಟಿನ ಬಣ್ಣ ಕಳೆಯುವುದರಿಂದ ಎರಡೂ ಪರೀಕ್ಷೆಗಳನ್ನು ಮಾಡಿ ನಿರ್ಧರಿಸುವುದು ಒಳ್ಳೆಯದು.

ಆಲ್ಕೀನ್‌ಗಳ ಸಂಕಲನ ಕ್ರಿಯೆಗಳಲ್ಲಿ ಮುಖ್ಯವಾದವು ಯಾವುವು?

ಪೈ ಬಂಧ ತೆರೆದುಕೊಂಡು, ಅದರ ಎರಡೂ ಬದಿಯ ಇಂಗಾಲಗಳಿಗೆ ಒಂದೊಂದು ಹೊಸ ಪರಮಾಣು ಅಥವಾ ಗುಂಪು ಸೇರುವುದೇ ಸಂಕಲನ. ನಿಕ್ಕಲ್‌ನಂಥ ಕ್ರಿಯಾವರ್ಧಕದ ಮೇಲ್ಮೈಯಲ್ಲಿ ಹೈಡ್ರೋಜನ್ ಸೇರಿಸಿದರೆ ಆಲ್ಕೀನ್ ಆಲ್ಕೇನ್ ಆಗುತ್ತದೆ. ಈ ವಿಧಾನವನ್ನು ರೂಪಿಸಿದ ಫ್ರಾನ್ಸಿನ ಪಾಲ್ ಸಬಾಟಿಯೇ ಅವರಿಗೆ 1912ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಈಥೀನ್‌ಗೆ ಹಬೆಯನ್ನು ಸೇರಿಸಿದರೆ ಎಥನಾಲ್ ದೊರೆಯುತ್ತದೆ. ಕೈಗಾರಿಕೆಯಲ್ಲಿ ಇದನ್ನು ಫಾಸ್ಫಾರಿಕ್ ಆಮ್ಲದ ಸಮ್ಮುಖದಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು 60ರಿಂದ 70 ವಾಯುಭಾರದಷ್ಟು ಒತ್ತಡದಲ್ಲಿ ನಡೆಸುತ್ತಾರೆ. ಒಂದು ಸುತ್ತಿನಲ್ಲಿ ಎಥನಾಲ್ ಆಗುವುದು ಈಥೀನ್‌ನ ಸುಮಾರು ಶೇಕಡ 5ರಷ್ಟು ಮಾತ್ರ. ಉಳಿದದ್ದನ್ನು ಮತ್ತೆ ಮತ್ತೆ ಒಳಕ್ಕೆ ಕಳುಹಿಸುತ್ತಾರೆ.

ಹೈಡ್ರೋಜನ್ ಬ್ರೋಮೈಡ್‌ನಂಥ ಅಸಮ ಅಣು ಪ್ರೊಪೀನ್‌ಗೆ ಸೇರುವಾಗ ಹೈಡ್ರೋಜನ್ ಯಾವ ಇಂಗಾಲಕ್ಕೆ, ಬ್ರೋಮಿನ್ ಯಾವುದಕ್ಕೆ ಎಂಬ ಪ್ರಶ್ನೆ ಏಳುತ್ತದೆ. ಹೆಚ್ಚು ಹೈಡ್ರೋಜನ್ ಇರುವ ಇಂಗಾಲಕ್ಕೇ ಹೈಡ್ರೋಜನ್ ಹೋಗುತ್ತದೆ ಎಂದು ರಷ್ಯಾದ ವ್ಲಾದಿಮಿರ್ ಮಾರ್ಕೊವ್ನಿಕೊವ್ 19ನೆಯ ಶತಮಾನದಲ್ಲೇ ಗುರುತಿಸಿದರು. ಕಾರಣ ತಿಳಿದುಕೊಂಡರೆ ಈ ನಿಯಮವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಹೈಡ್ರೋಜನ್ ಅಯಾನು ಮೊದಲು ಸೇರಿದಾಗ ಪಕ್ಕದ ಇಂಗಾಲದ ಮೇಲೆ ಧನ ಆವೇಶ ಉಳಿಯುತ್ತದೆ. ಆ ಆವೇಶ ತುದಿಯ ಇಂಗಾಲದ ಮೇಲಿರುವುದಕ್ಕಿಂತ ನಡುವಿನ ಇಂಗಾಲದ ಮೇಲಿದ್ದರೆ ಎರಡು ಬದಿಯ ಮೀಥೈಲ್ ಗುಂಪುಗಳ ಆಸರೆ ದೊರೆತು ಹೆಚ್ಚು ಸ್ಥಿರವಾಗಿರುತ್ತದೆ. ಬ್ರೋಮೈಡ್ ಅಲ್ಲಿಗೇ ಬಂದು ಸೇರಿ 2-ಬ್ರೋಮೊಪ್ರೊಪೇನ್ ಉಂಟಾಗುತ್ತದೆ. ಧನ ಆವೇಶವುಳ್ಳ ಇಂಗಾಲದ ಈ ಕಣವನ್ನು ಕಾರ್ಬೊಕ್ಯಾಟಯಾನ್ ಎನ್ನುತ್ತಾರೆ. ಕ್ರ್ಯಾಕಿಂಗ್‌ನಲ್ಲೂ ನಮಗೆ ಅದರ ಭೇಟಿಯಾಗಲಿದೆ.

ಆಲ್ಕೀನ್‌ಗಳನ್ನು ಓಲಿಫಿನ್ ಎಂದು ಕರೆಯುವುದೇಕೆ?

1795ರಲ್ಲಿ ನೆದರ್ಲೆಂಡ್ಸ್‌ನ ನಾಲ್ವರು ರಸಾಯನತಜ್ಞರು ಈಥೀನ್ ಅನಿಲವನ್ನು ಕ್ಲೋರಿನ್‌ನೊಂದಿಗೆ ಬೆರೆಸಿದಾಗ ಎರಡು ಅನಿಲಗಳಿಂದ ಎಣ್ಣೆಯಂಥ ದ್ರವವೊಂದು ಉಂಟಾಯಿತು. ಆ ದ್ರವವನ್ನು ಇಂದು ನಾವು 1,2-ಡೈಕ್ಲೋರೊಈಥೇನ್ ಎನ್ನುತ್ತೇವೆ. ಎಣ್ಣೆ ಮಾಡುವ ಅನಿಲ ಎಂಬ ಅರ್ಥದ ಆ ಹಳೆಯ ಹೆಸರೇ ಸವೆದು ಓಲಿಫಿನ್ ಆಯಿತು. ತೈಲ ಶುದ್ಧೀಕರಣ ಕಾರ್ಖಾನೆಗಳಲ್ಲಿ ಇಂದಿಗೂ ಅದೇ ಬಳಕೆಯಲ್ಲಿದೆ.

ಕಚ್ಚಾ ತೈಲದಲ್ಲಿ ಆಲ್ಕೀನ್‌ಗಳಿಲ್ಲವೇ? ಕ್ರ್ಯಾಕಿಂಗ್ ಏಕೆ ಬೇಕು?

ಕಚ್ಚಾ ತೈಲದಲ್ಲಿರುವುದು ಬಹುಮಟ್ಟಿಗೆ ಆಲ್ಕೇನ್‌ಗಳು, ಉಂಗುರಾಕಾರದ ಪರ್ಯಾಪ್ತ ಹೈಡ್ರೋಕಾರ್ಬನ್‌ಗಳು ಮತ್ತು ಬೆನ್ಜೀನ್ ಬಗೆಯ ಸಂಯುಕ್ತಗಳು. ಕ್ರಿಯಾಶೀಲವಾದ ಆಲ್ಕೀನ್‌ಗಳು ಭೂಗರ್ಭದಲ್ಲಿ ಕೋಟ್ಯಂತರ ವರ್ಷ ಹಾಗೆಯೇ ಉಳಿದಿರುವುದು ಕಷ್ಟ, ಅದರಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಪ್ಲಾಸ್ಟಿಕ್, ದ್ರಾವಕ, ಕೃತಕ ರಬ್ಬರ್ ಮೊದಲಾದವುಗಳಿಗೆ ಬೇಕಾದ ಆಲ್ಕೀನ್‌ಗಳನ್ನು ನಾವೇ ಮಾಡಿಕೊಳ್ಳಬೇಕು.

ಎರಡನೆಯ ಕಾರಣ ಪೂರೈಕೆ ಮತ್ತು ಬೇಡಿಕೆಯ ಹೊಂದಾಣಿಕೆ. ಕಚ್ಚಾ ತೈಲವನ್ನು ಆಂಶಿಕವಾಗಿ ಬಟ್ಟಿ ಇಳಿಸಿದಾಗ ಉದ್ದ ಸರಪಳಿಯ ಭಾರವಾದ ಭಾಗಗಳು ಬೇಡಿಕೆಗಿಂತ ಹೆಚ್ಚಾಗಿಯೂ, ಪೆಟ್ರೋಲಿನಂಥ ಹಗುರ ಭಾಗಗಳು ಬೇಡಿಕೆಗಿಂತ ಕಡಿಮೆಯಾಗಿಯೂ ದೊರೆಯುತ್ತವೆ. ಹೆಚ್ಚಾದದ್ದನ್ನು ಮುರಿದು ಕಡಿಮೆಯಿರುವುದನ್ನು ತುಂಬಿಕೊಳ್ಳುವ ಕೆಲಸವೇ ಕ್ರ್ಯಾಕಿಂಗ್.

ಬಟ್ಟಿ ಇಳಿಸುವುದಕ್ಕೂ ಕ್ರ್ಯಾಕಿಂಗ್‌ಗೂ ವ್ಯತ್ಯಾಸವೇನು?

ಬಟ್ಟಿ ಇಳಿಸುವಾಗ ಅಣುಗಳು ಕುದಿಬಿಂದುವಿನ ಪ್ರಕಾರ ಬೇರೆಯಾಗುತ್ತವೆಯೇ ಹೊರತು ಯಾವ ಅಣುವೂ ಬದಲಾಗುವುದಿಲ್ಲ. ಅದು ಭೌತಿಕ ಕ್ರಿಯೆ. ಕ್ರ್ಯಾಕಿಂಗ್‌ನಲ್ಲಿ ಇಂಗಾಲ-ಇಂಗಾಲ ಬಂಧಗಳೇ ಮುರಿದು ಹೊಸ ಅಣುಗಳು ಹುಟ್ಟುತ್ತವೆ. ಅದು ರಾಸಾಯನಿಕ ಕ್ರಿಯೆ.

ಕ್ರ್ಯಾಕಿಂಗ್‌ನ ಸಮೀಕರಣವನ್ನು ಸರಿದೂಗಿಸುವುದು ಹೇಗೆ? ಉತ್ಪನ್ನಗಳು ಯಾವಾಗಲೂ ಒಂದೇ ಇರುತ್ತವೆಯೇ?

ಡೆಕೇನ್ ಎಂಬ ಆಲ್ಕೇನ್‌ನಲ್ಲಿ 10 ಇಂಗಾಲ ಮತ್ತು 22 ಹೈಡ್ರೋಜನ್ ಇವೆ. ಅದು ಮುರಿದು 8 ಇಂಗಾಲದ ಆಕ್ಟೇನ್ ಉಂಟಾದರೆ ಅದಕ್ಕೆ 18 ಹೈಡ್ರೋಜನ್ ಹೋಗುತ್ತವೆ. ಉಳಿಯುವುದು 2 ಇಂಗಾಲ, 4 ಹೈಡ್ರೋಜನ್, ಅಂದರೆ ಈಥೀನ್. ಆಲ್ಕೇನ್ ಒಂದನ್ನು ಎರಡು ತುಂಡು ಮಾಡಿದಾಗ ಎರಡೂ ಆಲ್ಕೇನ್‌ಗಳಾಗಲು ಸಾಕಷ್ಟು ಹೈಡ್ರೋಜನ್ ಇರುವುದಿಲ್ಲ, ಒಂದು ತುಂಡಿಗೆ ಎರಡು ಕಡಿಮೆ ಬೀಳುತ್ತದೆ. ಆ ಕೊರತೆಯನ್ನು ತುಂಬುವುದೇ ದ್ವಿಬಂಧ. ಕ್ರ್ಯಾಕಿಂಗ್‌ನಲ್ಲಿ ಆಲ್ಕೀನ್ ಏಕೆ ಬರಲೇಬೇಕು ಎಂಬುದಕ್ಕೆ ಇದಕ್ಕಿಂತ ಸರಳವಾದ ಉತ್ತರ ನನಗೆ ತಿಳಿದಿಲ್ಲ.

ಪುಸ್ತಕದಲ್ಲಿರುವ ಸಮೀಕರಣ ಒಂದು ಮಾದರಿ ಮಾತ್ರ. ಅದೇ ಡೆಕೇನ್ ಹೆಪ್ಟೇನ್ ಮತ್ತು ಪ್ರೊಪೀನ್ ಆಗಿ ಒಡೆಯಬಹುದು, ಹೆಕ್ಸೇನ್ ಮತ್ತು ಎರಡು ಈಥೀನ್ ಅಣುಗಳಾಗಿಯೂ ಒಡೆಯಬಹುದು. ನಿಜವಾದ ಕುಲುಮೆಯಿಂದ ಹೊರಬರುವುದು ಹತ್ತಾರು ಪದಾರ್ಥಗಳ ಮಿಶ್ರಣ. ಅದನ್ನು ಮತ್ತೆ ಬಟ್ಟಿ ಇಳಿಸಿಯೇ ಬೇರೆ ಮಾಡಬೇಕು.

ಕ್ರ್ಯಾಕಿಂಗ್‌ಗೆ ಅಷ್ಟೊಂದು ಶಾಖ ಏಕೆ ಬೇಕು?

ಹಿಂದೆ ನೆನಪಿಟ್ಟುಕೊಳ್ಳಿ ಎಂದು ಕೇಳಿಕೊಂಡ ಸಂಖ್ಯೆ ಇಲ್ಲಿ ಬರುತ್ತದೆ. ಡೆಕೇನ್ ಆಕ್ಟೇನ್ ಮತ್ತು ಈಥೀನ್ ಆಗುವ ಕ್ರಿಯೆಯಲ್ಲಿ ಬಂಧಗಳನ್ನು ಎಣಿಸೋಣ. ಇಂಗಾಲ-ಹೈಡ್ರೋಜನ್ ಬಂಧಗಳು ಮೊದಲು 22, ಕೊನೆಗೆ 18 ಮತ್ತು 4 ಸೇರಿ ಮತ್ತೆ 22. ಅಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇಂಗಾಲ-ಇಂಗಾಲ ಏಕಬಂಧಗಳು ಡೆಕೇನ್‌ನಲ್ಲಿ 9 ಇದ್ದವು, ಆಕ್ಟೇನ್‌ನಲ್ಲಿ 7 ಉಳಿದವು, ಈಥೀನ್‌ನಲ್ಲಿ ಒಂದು ದ್ವಿಬಂಧ ಬಂದಿತು. ಹಾಗಾದರೆ ಎರಡು ಏಕಬಂಧಗಳನ್ನು, ಅಂದರೆ 694 ಕಿಲೋಜೂಲನ್ನು ಕೊಟ್ಟು, 612 ಕಿಲೋಜೂಲಿನ ಒಂದು ದ್ವಿಬಂಧವನ್ನು ಪಡೆದಂತಾಯಿತು. ಕೊರತೆ 82 ಕಿಲೋಜೂಲ್. ಬಂಧಶಕ್ತಿಗಳು ಸರಾಸರಿ ಬೆಲೆಗಳಾದ್ದರಿಂದ ಇದು ಅಂದಾಜು. ನಿಖರವಾದ ಉಷ್ಣರಾಸಾಯನಿಕ ಬೆಲೆಗಳಿಂದ ಲೆಕ್ಕ ಹಾಕಿದರೆ ಸುಮಾರು 94 ಬರುತ್ತದೆ. ಹೇಗಿದ್ದರೂ ಅದನ್ನು ಹೊರಗಿನಿಂದ ಶಾಖವಾಗಿ ಕೊಡಲೇಬೇಕು, ಆದ್ದರಿಂದ ಕ್ರ್ಯಾಕಿಂಗ್ ಉಷ್ಣಗ್ರಾಹಕ ಕ್ರಿಯೆ.

ಶಾಖ ಹೀರುವ ಕ್ರಿಯೆ ನಡೆಯುವುದಾದರೂ ಏಕೆ ಎಂದು ಕೇಳಬಹುದು. ಒಂದು ಅಣುವಿದ್ದ ಕಡೆ ಎರಡು ಅಣುಗಳಾಗುವುದರಿಂದ ವ್ಯವಸ್ಥೆಯ ಎಂಟ್ರೊಪಿ, ಅಂದರೆ ಕಣಗಳೂ ಶಕ್ತಿಯೂ ಚದುರಿಕೊಂಡಿರುವುದರ ಅಳತೆ, ಹೆಚ್ಚುತ್ತದೆ, ಮತ್ತು ಉಷ್ಣತೆ ಏರಿದಷ್ಟೂ ಆ ಹೆಚ್ಚಳದ ತೂಕವೂ ಏರುತ್ತದೆ. ಡೆಕೇನ್‌ನ ಈ ಕ್ರಿಯೆಯಲ್ಲಿ ಸುಮಾರು 400 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಎಂಟ್ರೊಪಿಯ ತಟ್ಟೆ ಶಾಖದ ತಟ್ಟೆಯನ್ನು ಸರಿದೂಗಿಸುತ್ತದೆ. ತಣ್ಣಗಿರುವಾಗ ಅಣುಗಳು ಕೂಡಿಕೊಂಡಿರಲು ಬಯಸುತ್ತವೆ, ಕಾದಾಗ ಬಿಡಿಯಾಗಲು ಬಯಸುತ್ತವೆ.

ಉಷ್ಣ ಕ್ರ್ಯಾಕಿಂಗ್ ಮತ್ತು ಕ್ರಿಯಾವರ್ಧಕ ಕ್ರ್ಯಾಕಿಂಗ್ ಬೇರೆ ಬೇರೆ ಉತ್ಪನ್ನಗಳನ್ನು ಕೊಡುವುದೇಕೆ?

ಬಂಧ ಮುರಿಯುವ ರೀತಿ ಬೇರೆ. ಶಾಖವೊಂದರಿಂದಲೇ ಮುರಿದಾಗ ಬಂಧದ ಎರಡು ಎಲೆಕ್ಟ್ರಾನುಗಳು ಎರಡು ತುಂಡುಗಳಿಗೂ ಒಂದೊಂದರಂತೆ ಹಂಚಿಹೋಗಿ ಮುಕ್ತ ರ‍್ಯಾಡಿಕಲ್‌ಗಳು ಉಂಟಾಗುತ್ತವೆ. ಇಂಗಾಲ-ಹೈಡ್ರೋಜನ್ ಬಂಧ ಸುಮಾರು 413 ಕಿಲೋಜೂಲಿನಷ್ಟು ಗಟ್ಟಿಯಾಗಿರುವುದರಿಂದ, ಅದಕ್ಕಿಂತ ದುರ್ಬಲವಾದ ಇಂಗಾಲ-ಇಂಗಾಲ ಬಂಧವೇ ಮೊದಲು ತುಂಡಾಗುತ್ತದೆ. ತುದಿಯ ಇಂಗಾಲದಲ್ಲಿ ಒಂಟಿ ಎಲೆಕ್ಟ್ರಾನು ಉಳಿದ ಉದ್ದನೆಯ ರ‍್ಯಾಡಿಕಲ್, ತನ್ನ ತುದಿಯಿಂದ ಎರಡು ಇಂಗಾಲಗಳ ಆಚೆಗಿನ ಬಂಧವನ್ನು ಕಡಿದು ಒಂದು ಈಥೀನ್ ಅಣುವನ್ನು ಉದುರಿಸುತ್ತದೆ. ಎರಡು ಇಂಗಾಲದಷ್ಟು ಮೋಟಾದ ಅದೇ ಬಗೆಯ ರ‍್ಯಾಡಿಕಲ್ ಉಳಿಯುತ್ತದೆ. ಅದು ಮತ್ತೊಂದು ಈಥೀನನ್ನು ಉದುರಿಸುತ್ತದೆ. ಉಷ್ಣ ಕ್ರ್ಯಾಕಿಂಗ್‌ನಲ್ಲಿ ಈಥೀನ್ ಹೇರಳವಾಗಿ ಸಿಗುವುದು ಹೀಗೆ.

ಜಿಯೋಲೈಟ್‌ನಂಥ (ಅಲ್ಯೂಮಿನಿಯಂ, ಸಿಲಿಕಾನ್ ಮತ್ತು ಆಮ್ಲಜನಕದಿಂದಾದ, ಸಣ್ಣ ರಂಧ್ರಗಳುಳ್ಳ ಖನಿಜ) ಆಮ್ಲೀಯ ಕ್ರಿಯಾವರ್ಧಕದ ಮೇಲೆ ಹುಟ್ಟುವುದು ರ‍್ಯಾಡಿಕಲ್ ಅಲ್ಲ, ಮಾರ್ಕೊವ್ನಿಕೊವ್ ನಿಯಮದಲ್ಲಿ ಕಂಡ ಕಾರ್ಬೊಕ್ಯಾಟಯಾನ್. ಹೆಚ್ಚು ಆಸರೆ ಸಿಗುವ ಇಂಗಾಲಕ್ಕೆ ಆವೇಶ ಸರಿಯುವುದು ಅದರ ಸ್ವಭಾವ, ಹೀಗೆ ಸರಿಯುತ್ತಾ ಸರಪಳಿ ಕವಲೊಡೆಯುತ್ತದೆ. ಎರಡೇ ಇಂಗಾಲದ ಧನ ಅಯಾನು ತೀರಾ ಅಸ್ಥಿರವಾದ್ದರಿಂದ ತುಂಡುಗಳು ಮೂರು ಇಂಗಾಲ ಅಥವಾ ಅದಕ್ಕಿಂತ ದೊಡ್ಡವಾಗಿರುತ್ತವೆ. ಫಲವಾಗಿ ಈಥೀನ್ ಕಡಿಮೆ, ಪ್ರೊಪೀನ್ ಹೆಚ್ಚು, ಕವಲುಗಳಿರುವ ಪೆಟ್ರೋಲ್ ಇನ್ನೂ ಹೆಚ್ಚು. ಕವಲುಳ್ಳ ಅಣುಗಳು ಎಂಜಿನ್‌ನಲ್ಲಿ ಅಕಾಲದಲ್ಲಿ ಸಿಡಿಯದೆ ಸಮವಾಗಿ ಉರಿಯುವುದರಿಂದ ಆ ಪೆಟ್ರೋಲಿನ ಆಕ್ಟೇನ್ ಸಂಖ್ಯೆಯೂ ಹೆಚ್ಚಿರುತ್ತದೆ.

ಹೈಡ್ರೋಕ್ರ್ಯಾಕಿಂಗ್ ಎಂಬ ಮೂರನೆಯ ವಿಧಾನವೂ ಇದೆ. ಅಧಿಕ ಒತ್ತಡದ ಹೈಡ್ರೋಜನ್‌ನಲ್ಲಿ ಮುರಿಯುವುದರಿಂದ ಹುಟ್ಟಿದ ದ್ವಿಬಂಧಗಳು ಅಲ್ಲಿಯೇ ಪರ್ಯಾಪ್ತವಾಗಿ ಡೀಸೆಲ್, ವಿಮಾನ ಇಂಧನಗಳು ದೊರೆಯುತ್ತವೆ.

ಈ ವಿಧಾನಗಳು ಬೆಳೆದು ಬಂದದ್ದು ಹೇಗೆ?

ರಷ್ಯಾದ ಎಂಜಿನಿಯರ್ ವ್ಲಾದಿಮಿರ್ ಶೂಖೊವ್ 1891ರಲ್ಲಿ ಉಷ್ಣ ಕ್ರ್ಯಾಕಿಂಗ್‌ಗೆ ಪೇಟೆಂಟ್ ಪಡೆದರು. ಮೋಟಾರು ವಾಹನಗಳು ಹೆಚ್ಚಿ ಪೆಟ್ರೋಲಿಗೆ ಬೇಡಿಕೆ ಬಂದಾಗ ಅಮೆರಿಕದ ವಿಲಿಯಂ ಬರ್ಟನ್ ಅದನ್ನು ಕೈಗಾರಿಕೆಯ ಮಟ್ಟಕ್ಕೆ ತಂದರು. ಅವರ ಪೇಟೆಂಟ್ 1913ರದು. ಫ್ರಾನ್ಸಿನ ಯೂಜೀನ್ ಹೂಡ್ರಿ 1930ರ ದಶಕದಲ್ಲಿ ಕ್ರಿಯಾವರ್ಧಕ ಕ್ರ್ಯಾಕಿಂಗನ್ನು ಅಮೆರಿಕದಲ್ಲಿ ಕಾರ್ಯರೂಪಕ್ಕೆ ಇಳಿಸಿದರು. 1942ರಲ್ಲಿ ಲೂಸಿಯಾನದ ಬ್ಯಾಟನ್ ರೂಜ್‌ನಲ್ಲಿ, ನುಣ್ಣನೆಯ ಪುಡಿಯಾದ ಕ್ರಿಯಾವರ್ಧಕವು ದ್ರವದಂತೆ ಹರಿಯುತ್ತಲೇ ಕೆಲಸ ಮಾಡುವ ಮೊದಲ ವಾಣಿಜ್ಯ ಘಟಕ ಶುರುವಾಯಿತು. 1960ರ ದಶಕದಲ್ಲಿ ಜಿಯೋಲೈಟ್‌ಗಳು ಬಂದ ಮೇಲೆ ಪೆಟ್ರೋಲಿನ ಇಳುವರಿ ಗಮನಾರ್ಹವಾಗಿ ಏರಿತು.

ಕ್ರಿಯಾವರ್ಧಕದ ಮೇಲೆ ಮಸಿ ಕಟ್ಟಿಕೊಂಡರೆ ಏನು ಮಾಡುತ್ತಾರೆ?

ಸುಟ್ಟುಹಾಕುತ್ತಾರೆ, ಮತ್ತು ಆ ಸುಡುವಿಕೆಯನ್ನೇ ದುಡಿಸಿಕೊಳ್ಳುತ್ತಾರೆ. ಸುಮಾರು 500ರಿಂದ 550 ಡಿಗ್ರಿಯಲ್ಲಿ ಕ್ರ್ಯಾಕಿಂಗ್ ನಡೆಯುವ ಕೆಲವೇ ಸೆಕೆಂಡುಗಳಲ್ಲಿ ಪುಡಿಯ ಕಣಗಳ ಮೇಲೆ ಕೋಕ್ ಎಂಬ ಇಂಗಾಲದ ಪದರ ಕೂತು ಅವು ಮಂಕಾಗುತ್ತವೆ. ಆ ಪುಡಿಯನ್ನು ಪಕ್ಕದ ಪಾತ್ರೆಗೆ ಹರಿಸಿ ಗಾಳಿ ಊದಿದರೆ ಕೋಕ್ ಉರಿದು ಕಣಗಳು ಸುಮಾರು 700 ಡಿಗ್ರಿಗೆ ಕಾಯುತ್ತವೆ. ಹೀಗೆ ಕಾದ ಕಣಗಳು ಮರಳಿ ಬಂದು ಹೊಸ ತೈಲಕ್ಕೆ ತಾಗಿದಾಗ, ಉಷ್ಣಗ್ರಾಹಕ ಕ್ರಿಯೆಗೆ ಬೇಕಾದ ಶಾಖವನ್ನೂ ತಾವೇ ಹೊತ್ತು ತಂದಿರುತ್ತವೆ. ಕ್ರಿಯೆಯ ಕಸವೇ ಕ್ರಿಯೆಯ ಇಂಧನವಾಗುವ ಈ ಏರ್ಪಾಟು ರಾಸಾಯನಿಕ ಎಂಜಿನಿಯರಿಂಗ್‌ನ ಅತ್ಯಂತ ಸುಂದರ ಕಲ್ಪನೆಗಳಲ್ಲೊಂದು ಎಂದು ನಾನು ಮನಃಪೂರ್ವಕವಾಗಿ ನಂಬಿದ್ದೇನೆ.

ಈಥೀನ್ ತಯಾರಿಸುವ ಹಬೆ ಕ್ರ್ಯಾಕಿಂಗ್‌ನಲ್ಲಿ ಹಬೆಯ ಪಾತ್ರವೇನು?

ಹಬೆ ಇಲ್ಲಿ ಹೈಡ್ರೋಕಾರ್ಬನ್‌ಗಳನ್ನು ತೆಳುವಾಗಿಸುತ್ತದೆ. ಒಂದು ಅಣು ಎರಡಾಗುವ ಕ್ರಿಯೆಗೆ ಕಡಿಮೆ ಒತ್ತಡ ಅನುಕೂಲ. ಹಬೆ ಬೆರೆತಾಗ ಹೈಡ್ರೋಕಾರ್ಬನ್‌ನ ಪಾಲಿನ ಒತ್ತಡ ತಗ್ಗುತ್ತದೆ. ಕೊಳವೆಗಳ ಒಳಮೈಯಲ್ಲಿ ಕೋಕ್ ಕಟ್ಟಿಕೊಳ್ಳುವುದನ್ನೂ ಅದು ಕಡಿಮೆ ಮಾಡುತ್ತದೆ. ಈಥೇನ್ ಅಥವಾ ನಾಫ್ತಾ (ಕಚ್ಚಾ ತೈಲದ ಒಂದು ಹಗುರ ದ್ರವಭಾಗ) ಹಬೆಯೊಂದಿಗೆ ಸುಮಾರು 800ರಿಂದ 850 ಡಿಗ್ರಿಗೆ ಕಾದ ಕೊಳವೆಗಳ ಮೂಲಕ ಒಂದು ಸೆಕೆಂಡಿಗಿಂತಲೂ ಕಡಿಮೆ ಸಮಯದಲ್ಲಿ ಹಾದುಹೋಗುತ್ತದೆ, ಹೊರಬಂದ ಕೂಡಲೇ ಅದನ್ನು ತಣಿಸುತ್ತಾರೆ. ತಡವಾದರೆ ಹುಟ್ಟಿದ ಈಥೀನ್ ತಾನೂ ಮುಂದೆ ಕ್ರಿಯೆ ನಡೆಸಿ ಡಾಂಬರಿನಂಥ ಪದಾರ್ಥವಾಗಿ, ಕೋಕ್ ಆಗಿ ಹಾಳಾಗುತ್ತದೆ. ಕೊನೆಗೆ ಈಥೀನ್ ಮತ್ತು ಈಥೇನ್‌ಗಳನ್ನು ಬೇರ್ಪಡಿಸಬೇಕು. ಮೊದಲನೆಯದರ ಕುದಿಬಿಂದು ಸೊನ್ನೆಗಿಂತ 104 ಡಿಗ್ರಿ ಕೆಳಗೆ, ಎರಡನೆಯದರದು 89 ಡಿಗ್ರಿ ಕೆಳಗೆ. ಕುಲುಮೆಯಲ್ಲಿ ಕೆಂಪಗೆ ಕಾದ ಅನಿಲವೇ ಕೆಲವು ಘಟಕಗಳಾಚೆ ಗಡ್ಡೆಕಟ್ಟುವ ಚಳಿಯಲ್ಲಿ ಬಟ್ಟಿ ಇಳಿಯಬೇಕಾಗುತ್ತದೆ.

ಪ್ರಯೋಗಾಲಯದಲ್ಲಿ ಕ್ರ್ಯಾಕಿಂಗ್ ಮಾಡಿ ನೋಡುವಾಗ ಯಾವುದರ ಬಗ್ಗೆ ಎಚ್ಚರ ವಹಿಸಬೇಕು?

ಗಟ್ಟಿ ಗಾಜಿನ ಪ್ರನಾಳದ ತಳದಲ್ಲಿ ದ್ರವ ಪ್ಯಾರಾಫಿನ್‌ನಲ್ಲಿ ನೆನೆಸಿದ ಖನಿಜ ಉಣ್ಣೆಯನ್ನಿಟ್ಟು, ನಡುವೆ ಪಿಂಗಾಣಿಯ ಚೂರುಗಳನ್ನು ಹರಡಿ, ಪ್ರನಾಳವನ್ನು ಅಡ್ಡಲಾಗಿ ಹಿಡಿಸಿ, ಬಾಯಿಂದ ಒಂದು ವಾಹಕ ನಳಿಕೆಯನ್ನು ನೀರಿನ ತೊಟ್ಟಿಗೆ ಇಳಿಬಿಡುತ್ತಾರೆ. ಮೊದಲು ಪಿಂಗಾಣಿಯನ್ನು ಚೆನ್ನಾಗಿ ಕಾಯಿಸಿ, ಆಗಾಗ ಜ್ವಾಲೆಯನ್ನು ಉಣ್ಣೆಯ ಕಡೆಗೆ ಸರಿಸಿದರೆ ಪ್ಯಾರಾಫಿನ್ ಆವಿಯಾಗಿ ಕಾದ ಚೂರುಗಳ ಮೇಲೆ ಹಾಯ್ದು ಒಡೆಯುತ್ತದೆ. ಮೊದಲ ಪ್ರನಾಳದಲ್ಲಿ ಸಂಗ್ರಹವಾಗುವುದು ಬಹುಪಾಲು ಗಾಳಿ, ಅದನ್ನು ಬಿಟ್ಟುಬಿಡಬೇಕು. ನಂತರದ ಅನಿಲ ಬ್ರೋಮಿನ್ ನೀರಿನ ಬಣ್ಣ ಕಳೆಯುತ್ತದೆ, ಹಳದಿ ಜ್ವಾಲೆಯಿಂದ ಉರಿಯುತ್ತದೆ. ಮೂಲ ಪ್ಯಾರಾಫಿನ್ ಬ್ರೋಮಿನ್ ನೀರಿನ ಬಣ್ಣ ಕಳೆಯುವುದಿಲ್ಲ ಎಂಬುದನ್ನೂ ಜೊತೆಗೇ ಮಾಡಿ ತೋರಿಸಿದರೆ ಪ್ರಯೋಗ ಪೂರ್ಣವಾಗುತ್ತದೆ.

ಅಪಾಯ ಇರುವುದು ಜ್ವಾಲೆ ತೆಗೆಯುವ ಗಳಿಗೆಯಲ್ಲಿ. ಕಾಯಿಸುವುದನ್ನು ನಿಲ್ಲಿಸಿದ ಕೂಡಲೇ ಒಳಗಿನ ಅನಿಲ ಕುಗ್ಗುತ್ತದೆ, ತೊಟ್ಟಿಯ ತಣ್ಣೀರು ನಳಿಕೆಯಲ್ಲಿ ಮೇಲೇರಿ ಕೆಂಪಗೆ ಕಾದ ಗಾಜಿಗೆ ತಾಗಿದರೆ ಪ್ರನಾಳ ಸಿಡಿಯುತ್ತದೆ. ಮೊದಲು ನಳಿಕೆಯನ್ನು ನೀರಿನಿಂದ ಎತ್ತಬೇಕು, ಆಮೇಲೆಯೇ ಜ್ವಾಲೆಯನ್ನು ತೆಗೆಯಬೇಕು. ಶಿಕ್ಷಕರ ಮೇಲ್ವಿಚಾರಣೆ ಮತ್ತು ಕಣ್ಣಿಗೆ ರಕ್ಷಣೆ ಇಲ್ಲದೆ ಈ ಪ್ರಯೋಗವನ್ನು ಯಾರೂ ಮಾಡಬಾರದು.

ಈಥೀನ್ ಹಣ್ಣು ಮಾಗಿಸುತ್ತದೆ ಎಂಬುದು ನಿಜವೇ?

ನಿಜ. ಅದು ಸಸ್ಯಗಳೇ ಉತ್ಪಾದಿಸುವ ಹಾರ್ಮೋನ್. 1901ರಲ್ಲಿ ರಷ್ಯಾದ ದಿಮಿತ್ರಿ ನೆಲ್ಯುಬೊವ್, ಪ್ರಯೋಗಾಲಯದಲ್ಲಿ ಬಟಾಣಿ ಸಸಿಗಳು ವಕ್ರವಾಗಿ ಬೆಳೆಯುವುದಕ್ಕೆ ದೀಪದ ಅನಿಲದಲ್ಲಿದ್ದ ಈಥೀನ್ ಕಾರಣವೆಂದು ತೋರಿಸಿಕೊಟ್ಟರು. ಮಾಗುವ ಹಣ್ಣು ತಾನೇ ಈಥೀನ್ ಬಿಡುತ್ತದೆ ಎಂಬುದಕ್ಕೆ ರಾಸಾಯನಿಕ ಪುರಾವೆ ದೊರೆತದ್ದು 1934ರಲ್ಲಿ.

ಪಾಲಿಥೀನ್ ಹೆಸರಿನಲ್ಲಿ ಈಥೀನ್ ಇದೆ. ಅದರಲ್ಲಿ ದ್ವಿಬಂಧಗಳಿವೆಯೇ?

ಇಲ್ಲ. ಪಾಲಿಮರೀಕರಣ ಆಗುವಾಗ ಪ್ರತಿ ಈಥೀನ್ ಅಣುವಿನ ಪೈ ಬಂಧ ತೆರೆದು ಪಕ್ಕದ ಅಣುವಿಗೆ ಕೊಂಡಿ ಹಾಕುತ್ತದೆ. ಸಿದ್ಧವಾದ ಸರಪಳಿ ಬಹಳ ಉದ್ದನೆಯ ಆಲ್ಕೇನ್‌ನಂತೆಯೇ ಇರುತ್ತದೆ ಮತ್ತು ಬ್ರೋಮಿನ್ ನೀರಿನ ಬಣ್ಣ ಕಳೆಯುವುದಿಲ್ಲ. ಇಲ್ಲಿ ಆ ಸಂಖ್ಯೆ ಎರಡನೆಯ ಸಲ ಬರುತ್ತದೆ. ಪ್ರತಿ ಈಥೀನ್ ಸೇರಿದಾಗ 612 ಕಿಲೋಜೂಲಿನ ಒಂದು ದ್ವಿಬಂಧ ಹೋಗಿ 347ರ ಎರಡು ಏಕಬಂಧಗಳು ಬರುತ್ತವೆ, ಅಂದರೆ ಪ್ರತಿ ಮೋಲ್‌ಗೆ 82 ಕಿಲೋಜೂಲ್ ಹೊರಬೀಳುತ್ತದೆ. ಅಳೆದು ಕಂಡ ಬೆಲೆ ಇದಕ್ಕಿಂತ ಸ್ವಲ್ಪ ಹೆಚ್ಚೇ. ಕ್ರ್ಯಾಕಿಂಗ್ ಕುಲುಮೆಯಲ್ಲಿ ಹಾಕಿದ ಶಾಖ ಪಾಲಿಮರ್ ಪಾತ್ರೆಯಲ್ಲಿ ಮರಳಿ ಬರುತ್ತದೆ. ಒಂದು ಕಡೆ ಶಾಖವನ್ನು ಒಳಗೆ ತುಂಬುವುದೇ ಎಂಜಿನಿಯರರ ಕಷ್ಟವಾದರೆ, ಇನ್ನೊಂದು ಕಡೆ ಅದನ್ನು ಹೊರಗೆ ಸಾಗಿಸುವುದೇ ಕಷ್ಟ.

1933ರಲ್ಲಿ ಇಂಗ್ಲೆಂಡಿನ ಐಸಿಐ ಸಂಸ್ಥೆಯ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್, ಅತ್ಯಧಿಕ ಒತ್ತಡದಲ್ಲಿ ಈಥೀನ್ ಮತ್ತು ಬೆನ್ಜಾಲ್ಡಿಹೈಡ್‌ಗಳನ್ನು ಸೇರಿಸಲು ಹೊರಟಾಗ ಪಾತ್ರೆಯಲ್ಲಿ ಮೇಣದಂಥ ಬಿಳಿಯ ಘನವೊಂದು ಉಳಿಯಿತು, ಅದೇ ಪಾಲಿಥೀನ್. 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಕಡಿಮೆ ಒತ್ತಡದಲ್ಲೇ ಅದನ್ನು ಮಾಡುವ ಕ್ರಿಯಾವರ್ಧಕವನ್ನು ಕಂಡುಹಿಡಿದರು. ಅವರಿಗೂ ಇಟಲಿಯ ಜೂಲಿಯೊ ನಟ್ಟಾ ಅವರಿಗೂ 1963ರ ನೊಬೆಲ್ ಪ್ರಶಸ್ತಿ ದೊರೆಯಿತು.

ಹಾಗಾದರೆ ಬಳಸಿ ಬಿಟ್ಟ ಪಾಲಿಥೀನನ್ನು ಕ್ರ್ಯಾಕಿಂಗ್ ಮಾಡಿ ಈಥೀನನ್ನೇ ಮರಳಿ ಪಡೆಯಬಹುದಲ್ಲವೇ?

ಲೆಕ್ಕದ ಪ್ರಕಾರ ಸಾಧ್ಯ, ಆದರೆ ದಾರಿ ನೇರವಾಗಿಲ್ಲ. ಗಾಳಿಯಿಲ್ಲದೆ 400 ಡಿಗ್ರಿಗಿಂತ ಹೆಚ್ಚಾಗಿ ಕಾಯಿಸಿದಾಗ ಪಾಲಿಥೀನ್ ಸರಪಳಿ ತುದಿಯಿಂದ ಒಂದೊಂದೇ ಕೊಂಡಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ಎಲ್ಲೆಂದರಲ್ಲಿ ತುಂಡಾಗುತ್ತದೆ. ಎಲ್ಲ ಇಂಗಾಲ-ಇಂಗಾಲ ಬಂಧಗಳೂ ಹೆಚ್ಚುಕಡಿಮೆ ಒಂದೇ ಬಲದವಾಗಿರುವಾಗ ಯಾವುದನ್ನು ಮುರಿಯಬೇಕೆಂದು ಶಾಖಕ್ಕೆ ಹೇಳುವವರಿಲ್ಲ. ಸಿಗುವುದು ಮೇಣ ಮತ್ತು ಎಣ್ಣೆಯ ಮಿಶ್ರಣ, ಅದರಲ್ಲಿ ವಿವಿಧ ಉದ್ದದ ಆಲ್ಕೇನ್‌ಗಳೂ ಆಲ್ಕೀನ್‌ಗಳೂ ಇರುತ್ತವೆ. ಆ ಎಣ್ಣೆಯನ್ನು ಶುದ್ಧಗೊಳಿಸಿ ನಾಫ್ತಾದ ಜೊತೆ ಹಬೆ ಕ್ರ್ಯಾಕಿಂಗ್ ಕುಲುಮೆಗೆ ಕಳುಹಿಸಿದರೆ ಮಾತ್ರ ಈಥೀನ್ ಸಿಗುತ್ತದೆ, ಎಂದರೆ ಶಾಖವನ್ನು ಎರಡು ಸಲ ಖರ್ಚು ಮಾಡಬೇಕು. ಗಾಜಿನ ಬದಲಿಗೆ ಬಳಸುವ ಅಕ್ರಿಲಿಕ್ ಹಾಗಲ್ಲ. ಅದರ ಸರಪಳಿ ಕಾಯಿಸಿದಾಗ ಕೊಂಡಿ ಕೊಂಡಿಯಾಗಿ ಬಿಚ್ಚಿ ಬಹುಪಾಲು ಮೂಲ ಮಾನೊಮರ್ (ಸರಪಳಿ ಕಟ್ಟಿದ ಬಿಡಿ ಅಣು) ಆಗಿಯೇ ಮರಳುತ್ತದೆ. ಇನ್ನು ಪಾಲಿಥೀನ್ ರಾಶಿಯಲ್ಲಿ ಪಿವಿಸಿ ಸೇರಿಕೊಂಡಿದ್ದರೆ ಅದು ಮೊದಲೇ ಹೈಡ್ರೋಜನ್ ಕ್ಲೋರೈಡನ್ನು ಬಿಟ್ಟು ಲೋಹದ ಕೊಳವೆಗಳನ್ನು ಕೊರೆಯುತ್ತದೆ, ಆದ್ದರಿಂದ ಕಾಯಿಸುವ ಮುನ್ನ ಅದನ್ನು ಆರಿಸಿ ತೆಗೆಯಲೇಬೇಕು.